ಹರಾಜಿನ ಸೇನೆ ಪಿಕಪ್ ತಂದಿರಾ? ಬಣ್ಣ ಆಮೇಲೆ, ಮೊದಲು ಕೆಳಗೆ ಮಲಗಿ ನೋಡಿ

ಪ್ರತಿ ವರ್ಷ ಜೂನ್ ಬಂತು ಅಂದರೆ ಇದೇ ಕತೆ. ಯಾರೋ ಸೇನೆಯ ಹರಾಜಿನಿಂದ ಹಳೇ ಡೀಸೆಲ್ ಪಿಕಪ್ ತಂದಿರುತ್ತಾರೆ. ವಾರದೊಳಗೆ ದೊಡ್ಡ ಟಯರ್, ತಿಂಗಳಿಗೆ ಹೊಸ ಬಣ್ಣ, ಮುಂದೆ ನಾಲ್ಕು ಲೈಟು. ನಾಲ್ಕು ಮಳೆ ಬಿದ್ದ ಮೇಲೆ ನೋಡಿದರೆ ಗಾಡಿ ಅಂಗಳದಲ್ಲೇ ನಿಂತಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಘಟ್ಟ ಹತ್ತುವಾಗ ಬಂದ್ ಬೀಳುತ್ತದೆ, ಬ್ರೇಕ್ ಹಾಕಿದರೆ ಒಂದು ಕಡೆ ಎಳೆಯುತ್ತದೆ. ಆಮೇಲೆ ಫೋನು: "ಪಂಪ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಇನ್ನೇನು ಮಾಡಲಿ?"

ಬಹಳ ಜನ ಎಡವುವುದು ಕೆಲಸದ ಕ್ರಮದಲ್ಲಿ. ಕೆಳಗೆ ಬರೆದ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮಧ್ಯದಲ್ಲಿ ಹಾರಬೇಡಿ, ಟಯರ್ ಅಂಗಡಿಗಂತೂ ಈಗಲೇ ಹೋಗಬೇಡಿ.

ಕೈಲಿ ಇರಬೇಕಾದ ಸಾಮಾನು

ರಿಂಗ್ ಸ್ಪ್ಯಾನರ್ ಸೆಟ್, ಸಾಕೆಟ್ ಸೆಟ್, ಗುಂಡು ತಲೆಯ ಸುತ್ತಿಗೆ, ತಂತಿ ಬ್ರಷ್, ಗ್ರೀಸ್ ಗನ್, ಮಲ್ಟಿಮೀಟರ್, ಒಂದು ಟೆಸ್ಟ್ ಬಲ್ಬ್, ಎರಡು ಅಡಿ ಪಾರದರ್ಶಕ ಪ್ಲಾಸ್ಟಿಕ್ ಪೈಪು, ತುಕ್ಕು ಬಿಡಿಸುವ ಎಣ್ಣೆ, ಒಳ್ಳೆ ಟಾರ್ಚ್. ಜೊತೆಗೆ ಎರಡು ಜಾಕಿ ಸ್ಟ್ಯಾಂಡ್. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಕರಾವಳಿಯಲ್ಲಿ ಎಲ್ಲರೂ ಅಂಗಳದಲ್ಲಿ ಬಿದ್ದ ಚಿರೆಕಲ್ಲನ್ನೇ ಆ್ಯಕ್ಸಲ್ ಕೆಳಗೆ ಇಟ್ಟು ಒಳಗೆ ನುಸುಳುತ್ತಾರೆ. ಮಳೆ ನೀರು ಕುಡಿದ ಚಿರೆಕಲ್ಲು ಭಾರ ಬಿದ್ದರೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಬರೀ ಜಾಕಿ ಮೇಲೂ ಮಲಗಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ದಪ್ಪ ಮರದ ದಿಮ್ಮಿ ಇಡಿ.

1. ಕಾಗದ ಮತ್ತು ಚಾಸಿ ನಂಬರ್

ಸೇನೆಯಿಂದ ಬಿಡುಗಡೆಯಾದ ಗಾಡಿಗೆ ನಮೂನೆ 21ರ ಮಾರಾಟ ಪ್ರಮಾಣಪತ್ರ ಮೂಲಪ್ರತಿಯಲ್ಲೇ ಬೇಕು. ಜೆರಾಕ್ಸ್ ಹಿಡಿದು ಕಾರವಾರದ ಕೆಎ-30 ಆಗಲಿ ಶಿರಸಿಯ ಕೆಎ-31 ಆಗಲಿ, ಎಲ್ಲಿ ಹೋದರೂ ನೋಂದಣಿ ಆಗುವುದಿಲ್ಲ. ಈಗಾಗಲೇ ಯಾರದೋ ಹೆಸರಿಗೆ ನೋಂದಣಿಯಾದ ಗಾಡಿಯಾದರೆ ಆರ್‌ಸಿಯಲ್ಲಿ ಇಂಧನ ಏನು ಅಂತ ಬರೆದಿದೆ ನೋಡಿ. ಜಬಲ್ಪುರದ ಕಾರ್ಖಾನೆಯಿಂದ ಸೇನೆಗೆ ಹೋದ ಜೊಂಗಾ ಜೀಪುಗಳು ಪೆಟ್ರೋಲ್ ಇಂಜಿನ್ನಿನವು. ಇವತ್ತು ಡೀಸೆಲ್ ಕುಡಿಯುತ್ತಾ ಓಡಾಡುವ ಜೊಂಗಾ ಸಾಮಾನ್ಯವಾಗಿ ಯಾರೋ ಇಂಜಿನ್ ಬದಲಿಸಿದ್ದು. ಅದು ಕಾಗದದಲ್ಲಿ ಏರಿದೆಯೋ ಇಲ್ಲವೋ ನೋಡದೆ ದುಡ್ಡು ಕೊಡಬೇಡಿ.

ಇನ್ನೊಂದು ತಪ್ಪು ನಾನು ಕಣ್ಣಾರೆ ಕಂಡಿದ್ದು. ತುಕ್ಕು ತೆಗೆಯುವ ಹುಮ್ಮಸ್ಸಿನಲ್ಲಿ ಹುಡುಗನೊಬ್ಬ ಚಾಸಿ ಮೇಲೆಲ್ಲ ಗ್ರೈಂಡರ್ ಓಡಿಸಿದ, ಕೊನೆಗೆ ಚಾಸಿ ನಂಬರೂ ಹೋಯಿತು. ನಂಬರ್ ಹೊಡೆದ ಜಾಗವನ್ನು ಕೈಯಿಂದಲೇ, ಮೆತ್ತನೆ ಬ್ರಷ್ ಮತ್ತು ಸೀಮೆಎಣ್ಣೆಯಲ್ಲಿ ಉಜ್ಜಿ, ಫೋಟೋ ತೆಗೆದು, ಮೇಲೆ ಗ್ರೀಸ್ ಬಳಿದಿಡಿ.

2. ಚಾಸಿ ಮತ್ತು ತುಕ್ಕು

ಇಲ್ಲಿ ಒಂದು ಇಡೀ ದಿನ ಕೊಡಿ. ಗಾಡಿ ಬಯಲುಸೀಮೆಯ ಡಿಪೋದಲ್ಲಿ ಇಪ್ಪತ್ತು ವರ್ಷ ನಿಂತಿದ್ದರೂ ಕಬ್ಬಿಣ ಗಟ್ಟಿ ಇರುತ್ತದೆ. ಅದೇ ಗಾಡಿ ಕಾರವಾರದ ಬೈತಖೋಲ್ ಬಂದರಿಗೆ ಎರಡು ವರ್ಷ ಓಡಾಡಿದರೆ ಸಾಕು, ಉಪ್ಪು ತನ್ನ ಕೆಲಸ ಮುಗಿಸಿರುತ್ತದೆ.

ಮೊದಲು ಕೆಳಭಾಗಕ್ಕೆಲ್ಲ ಸಿಹಿನೀರು ಹೊಡೆದು ಮಣ್ಣು ಕಳಚಿ. ಒಣಗಿದ ಮೇಲೆ ಸುತ್ತಿಗೆ ಹಿಡಿದು ಮುಂದಿನಿಂದ ಹಿಂದಕ್ಕೆ ಪ್ರತಿ ಗೇಣಿಗೊಂದು ಪೆಟ್ಟು ಕೊಡುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಸುತ್ತಿಗೆ ಪುಟಿದು ಕೈಗೆ ವಾಪಸ್ ಬರುತ್ತದೆ. ತುಕ್ಕು ತಿಂದ ಜಾಗ ದಬ್ ಅನ್ನುತ್ತದೆ, ಸುತ್ತಿಗೆ ಅಲ್ಲೇ ಕೂತುಬಿಡುತ್ತದೆ, ಮುಖದ ಮೇಲೆ ಕಂದು ಸಿಪ್ಪೆ ಉದುರುತ್ತದೆ. ಕನ್ನಡಕ ಹಾಕಿಕೊಳ್ಳಿ. ಅಂಥ ಕಡೆಯೆಲ್ಲ ಚಾಕ್‌ಪೀಸಿನಲ್ಲಿ ಗುರುತು ಮಾಡಿ.

ಹೆಚ್ಚು ಕೈಕೊಡುವುದು ಹಿಂದಿನ ಕಮಾನು ಪಟ್ಟಿ ಚಾಸಿಗೆ ಸೇರುವ ಬ್ರಾಕೆಟ್, ಕ್ಯಾಬಿನ್ ಹಿಂದೆ ಮಣ್ಣು ಕೂರುವ ಮೂಲೆ, ಸ್ಟೇರಿಂಗ್ ಬಾಕ್ಸ್ ಕೂತ ಜಾಗ. ಸ್ಟೇರಿಂಗ್ ಬಾಕ್ಸ್ ಬುಡದಲ್ಲಿ ಕೂದಲೆಳೆ ಬಿರುಕು ಕಂಡರೂ ಗಾಡಿ ರಸ್ತೆಗೆ ಇಳಿಸಬೇಡಿ. ಒಬ್ಬರನ್ನು ಕೂರಿಸಿ ನಿಂತಲ್ಲೇ ಸ್ಟೇರಿಂಗ್ ಆಚೆ ಈಚೆ ತಿರುಗಿಸಲು ಹೇಳಿ, ನೀವು ಆ ಜಾಗವನ್ನೇ ನೋಡುತ್ತಾ ಇರಿ. ಬಾಕ್ಸ್ ಜೊತೆ ಚಾಸಿಯೂ ಉಸಿರಾಡುವ ಹಾಗೆ ಕಂಡರೆ ಬಿರುಕಿದೆ ಅಂತಲೇ ಅರ್ಥ.

ವೆಲ್ಡಿಂಗ್ ಮಾಡಿಸುವಾಗ ಎರಡೂ ಬ್ಯಾಟರಿಯ ವೈರ್ ಕಳಚಿ, ಆಲ್ಟರ್ನೇಟರ್ ಕನೆಕ್ಷನ್ ತೆಗೆಯಿರಿ, ಡೀಸೆಲ್ ಟ್ಯಾಂಕ್ ಪಕ್ಕದಲ್ಲಿದ್ದರೆ ಇಳಿಸಿಬಿಡಿ. ತೂತಿನ ಮೇಲೆ ಸುಮ್ನೆ ತಗಡು ಮುಚ್ಚಿಸಬೇಡಿ, ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ. ಕೊಳೆತಷ್ಟೂ ಕತ್ತರಿಸಿ ಒಳ್ಳೆ ಕಬ್ಬಿಣ ಸಿಗುವವರೆಗೆ ಹೋಗಿ, ಅಷ್ಟೇ ದಪ್ಪದ ಪ್ಲೇಟ್ ಕೂರಿಸಬೇಕು. ಚಾಸಿಯ ಮೇಲಿನ ಮತ್ತು ಕೆಳಗಿನ ಅಂಚಿಗೆ ಹೊಸ ತೂತು ಕೊರೆಸಬೇಡಿ, ಭಾರ ಹೊರುವುದೇ ಆ ಅಂಚುಗಳು.

ಆಮೇಲೆ ರೆಡ್ ಆಕ್ಸೈಡ್, ಅದು ಪೂರ್ತಿ ಒಣಗಿದ ಮೇಲೆ ಅಂಡರ್‌ಬಾಡಿ ಕೋಟಿಂಗ್. ಒದ್ದೆ ತುಕ್ಕಿನ ಮೇಲೆ ದಪ್ಪಗೆ ಕಪ್ಪು ಕೋಟಿಂಗ್ ಬಳಿಯುವುದಂತೂ ಗಾಯಕ್ಕೆ ಕೊಳಕು ಪಟ್ಟಿ ಸುತ್ತಿದ ಹಾಗೆ. ಕೆಲವರು ಸುಟ್ಟ ಆಯಿಲ್ ಸಿಂಪಡಿಸುತ್ತಾರೆ. ಅದು ರಬ್ಬರ್ ಬುಷ್ ಊದಿಸುತ್ತದೆ, ಕೆಂಪು ಧೂಳು ಹಿಡಿಸುತ್ತದೆ, ಬಾವಿ ಪಕ್ಕದ ಅಂಗಳದಲ್ಲಿ ಸೋರುತ್ತದೆ. ನಾನು ಬಿಟ್ಟು ಬಹಳ ವರ್ಷ ಆಯಿತು. ಚಾಸಿಯಲ್ಲಿ ನೀರು ಇಳಿಯಲು ಬಿಟ್ಟ ತೂತುಗಳಿರುತ್ತವೆ, ಅವನ್ನು ತಂತಿ ಹಾಕಿ ಬಿಡಿಸಿಡಿ.

3. ಬ್ರೇಕ್

ಇಂಜಿನ್ ಓಡಿಸುವ ಮೊದಲು ನಿಲ್ಲಿಸುವುದನ್ನು ಕಲಿಸಿ. ನಾಲ್ಕೂ ಡ್ರಮ್ ಬಿಚ್ಚಿ. ಒಳಗೆ ಬ್ರೇಕ್ ಶೂ ತಳ್ಳುವ ಸಣ್ಣ ಸಿಲಿಂಡರೇ ವೀಲ್ ಸಿಲಿಂಡರ್. ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿ ಎತ್ತಿದಾಗ ಒಳಗೆ ಒದ್ದೆ ಕಂಡರೆ ಸಿಲಿಂಡರ್ ಬದಲಿಸಿ. ರಬ್ಬರ್ ಕಿಟ್ ಮಾತ್ರ ಹಾಕಿ ಉಳಿಸಲು ಹೋದರೆ, ಒಳಗೋಡೆಯ ಗುಳಿ ಹೊಸ ರಬ್ಬರನ್ನೂ ತಿಂದು ಹಾಕುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಬೇರೆ ಊರಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ನಡೆಯಬಹುದು, ನಮ್ಮಲ್ಲಿ ಪ್ರತಿ ಮೇ ತಿಂಗಳಿಗೆ ಪೂರ್ತಿ ಬದಲಿಸಿ. ಅಲ್ಲಿ ಇಂಜಿನ್ ಆಯಿಲ್ ಒಂದು ಹನಿ ಬಿದ್ದರೂ ಎಲ್ಲ ರಬ್ಬರ್ ಊದಿ ಹಾಳು. ಚಾಸಿಗೆ ಕ್ಲಿಪ್ ಹಾಕಿದ ಕಡೆ ಬ್ರೇಕ್ ಪೈಪನ್ನು ಉಗುರಿನಿಂದ ಕೆರೆದು ನೋಡಿ. ಸಿಪ್ಪೆ ಏಳುತ್ತಿದ್ದರೆ ಪೈಪ್ ಹೊಸದು ಹಾಕಿಸಿ.

ಬ್ರೇಕ್ ಲೈನಿನ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಸಿಲಿಂಡರ್) ದೂರದ ಚಕ್ರದಿಂದ ಶುರು ಮಾಡಬೇಕು. ನಮ್ಮ ಬಲಗಡೆ ಸ್ಟೇರಿಂಗ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

ಪೆಡಲ್ ಏನು ಹೇಳುತ್ತದೆ ಕೇಳಿ. ಸ್ಪಂಜಿನ ಹಾಗಿದ್ದರೆ ಗಾಳಿ ಇದೆ. ಒತ್ತಿ ಹಿಡಿದಾಗ ನಿಧಾನ ಕೆಳಗೆ ಇಳಿಯುತ್ತಾ ಹೋದರೆ, ಹೊರಗೆ ಎಲ್ಲೂ ಸೋರದಿದ್ದರೂ, ಮಾಸ್ಟರ್ ಸಿಲಿಂಡರ್ ಹೋಗಿದೆ. ಇದು ಸರಿಯಾಗದೆ ದೇವಿಮನೆ ಘಟ್ಟ ಇಳಿಯುವ ಯೋಚನೆಯೇ ಬೇಡ. ಸರಿಯಾದ ಮೇಲೂ ಹತ್ತಿದ ಗೇರಿನಲ್ಲೇ ಇಳಿಯಿರಿ, ಹಳೇ ಡ್ರಮ್ ಬ್ರೇಕು ಬಿಸಿಯಾದರೆ ಕಾಲು ಎಷ್ಟು ಒತ್ತಿದರೂ ಕೇಳುವುದಿಲ್ಲ.

4. ಡೀಸೆಲ್ ಲೈನ್

ಜಾಸ್ತಿ ದುಡ್ಡು ಸುಮ್ನೆ ಹೋಗುವ ಜಾಗ ಇದು. ಸ್ಟಾರ್ಟ್ ಆಗದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಹೀಟರ್ ಪ್ಲಗ್ (ತಣ್ಣಗಿನ ಇಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್), ಆಮೇಲೆ ಪಂಪ್ ನಾಝಲ್ ಅಂತ ಒಂದೊಂದಾಗಿ ಬದಲಿಸುತ್ತಾರೆ. ಕಾರಣ ಮಾತ್ರ ಹತ್ತು ರೂಪಾಯಿಯ ವಾಷರ್ ಆಗಿರುತ್ತದೆ.

ನನ್ನದೇ ಕತೆ ಕೇಳಿ. ಗಾಡಿ ಅಂಕೋಲೆಯಿಂದ ಚೆನ್ನಾಗಿಯೇ ಹೊರಡುತ್ತಿತ್ತು, ಅರಬೈಲ್ ಘಟ್ಟ ಅರ್ಧ ಹತ್ತುವಷ್ಟರಲ್ಲಿ ಎಳೆತ ಕಮ್ಮಿಯಾಗಿ ಬಂದ್. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಒಂದು ಗ್ಯಾರೇಜಿನಲ್ಲಿ ಪಂಪ್ ಬಿಚ್ಚಿಸಿ ಸಾಕಷ್ಟು ಕಳೆದುಕೊಂಡೆ. ಕೊನೆಗೆ ಹಳೇ ಮೇಸ್ತ್ರಿಯೊಬ್ಬರು ಗಾಡಿ ನಿಂತಲ್ಲಿಗೇ ಬಂದು, "ತಮಾ, ಪಂಪ್ ಮುಟ್ಬೇಡ, ಮೊದ್ಲು ಟ್ಯಾಂಕಿನ ಮುಚ್ಚಳ ತೆಗಿ" ಅಂದರು. ತೆಗೆದ ಕೂಡಲೇ ಟ್ಯಾಂಕ್ ಸುಯ್ ಅಂತ ಗಾಳಿ ಎಳೆದುಕೊಂಡಿತು. ಟ್ಯಾಂಕ್ ಉಸಿರಾಡುವ ಸಣ್ಣ ಪೈಪಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು! ಡೀಸೆಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರದೆ, ಪಂಪಿಗೆ ಎಳೆಯಲು ಆಗುತ್ತಿರಲಿಲ್ಲ. ಹಾಗಾಗಿ ಸ್ವಲ್ಪ ದೂರ ಓಡಿ ನಿಲ್ಲುವ ಗಾಡಿಗೆ ಮೊದಲ ಪರೀಕ್ಷೆ ಮುಚ್ಚಳ.

ಅದು ಸರಿ ಇದ್ದರೆ ಟ್ಯಾಂಕಿನ ಕೆಳಗಿನ ಬೋಲ್ಟ್ ಬಿಚ್ಚಿ ಒಂದು ಲೀಟರಿನಷ್ಟು ಗಾಜಿನ ಬಾಟಲಿಗೆ ಇಳಿಸಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ತಳದಲ್ಲಿ ನೀರು ಬೇರೆಯಾಗಿ ನಿಂತಿರುತ್ತದೆ. ಕಪ್ಪು ಲೋಳೆ ಕಂಡರೆ ಟ್ಯಾಂಕ್ ಇಳಿಸಿ ತೊಳೆಯಲೇಬೇಕು, ಬರೀ ಫಿಲ್ಟರ್ ಬದಲಿಸಿದರೆ ವಾರದಲ್ಲಿ ಮತ್ತೆ ಕಟ್ಟುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ತೇವ ಕೂತು ನೀರಾಗುವುದರಿಂದ ಮಳೆಗಾಲದಲ್ಲಿ ನಿಲ್ಲಿಸಿಡುವ ಗಾಡಿಯ ಟ್ಯಾಂಕ್ ತುಂಬಿಸಿಡಿ.

ಬೆಳಿಗ್ಗೆ ಮಾತ್ರ ಕಷ್ಟ, ಒಮ್ಮೆ ಓಡಿದ ಮೇಲೆ ದಿನವಿಡೀ ಸೆಲ್ಫ್ (ಸ್ಟಾರ್ಟರ್ ಮೋಟರ್) ಒಮ್ಮೆ ಹೊಡೆದರೆ ಸ್ಟಾರ್ಟ್ ಅಂದರೆ ಲೈನ್ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಮೊದಲು ಅನುಮಾನಪಡಿ. ರಾತ್ರಿ ಡೀಸೆಲ್ ನಿಧಾನ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಟ್ಯಾಂಕಿನಿಂದ ಲಿಫ್ಟ್ ಪಂಪಿಗೆ (ಡೀಸೆಲ್ ಎಳೆದು ಮೇನ್ ಪಂಪಿಗೆ ಕೊಡುವ ಸಣ್ಣ ಪಂಪ್) ಬರುವ ಲೈನು ಎಳೆತದಲ್ಲಿರುವುದರಿಂದ ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಒದ್ದೆ ಹುಡುಕುತ್ತಾ ಕೂತರೆ ಸಿಗುವುದೇ ಇಲ್ಲ. ಲಿಫ್ಟ್ ಪಂಪಿಗೆ ಟ್ಯಾಂಕಿನ ಲೈನು ಸೇರುವ ಕಡೆ ಆ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಸೇರಿಸಿ, ಇಂಜಿನ್ ಓಡಿಸಿ ನೋಡಿ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ಕಳ್ಳ ಸಿಕ್ಕ ಹಾಗೆ. ಆಮೇಲೆ ಟ್ಯಾಂಕಿನ ಕಡೆಗೆ ಒಂದೊಂದೇ ಜೋಡಣೆ ದಾಟುತ್ತಾ ಹೋಗಿ. ಜೋಡಣೆಯ ತಾಮ್ರದ ವಾಷರ್‌ಗಳನ್ನು ಬಿಚ್ಚಿದಾಗೆಲ್ಲ ಹೊಸದು ಹಾಕಿ.

ಗಾಳಿ ತೆಗೆಯುವ ಕ್ರಮ: ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಲಿಫ್ಟ್ ಪಂಪಿನ ಕೈ ಲಿವರ್ ಹೊಡೆಯಿರಿ, ನೊರೆ ನಿಂತು ಸ್ವಚ್ಛ ಡೀಸೆಲ್ ಬಂದ ಮೇಲೆ ಲಿವರ್ ಹೊಡೆಯುತ್ತಲೇ ಬಿಗಿ ಮಾಡಿ. ಆಮೇಲೆ ಮೇನ್ ಪಂಪಿನ ಸ್ಕ್ರೂ, ಹಾಗೇ. ಕೊನೆಗೆ ನಾಝಲ್ ಕಡೆಯ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಸಿ, ಡೀಸೆಲ್ ಚಿಮ್ಮಿದ ಮೇಲೆ ಒಂದೊಂದೇ ಬಿಗಿ ಮಾಡಿ. ಸೆಲ್ಫ್ ಒಮ್ಮೆಗೆ 10 ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಒಂದು ನಿಮಿಷ ಬಿಡಿ. ಬೆರಳನ್ನು ಆ ಚಿಮ್ಮುವ ಡೀಸೆಲ್ ಹತ್ತಿರ ಒಯ್ಯಬೇಡಿ. ನಾಝಲಿನ ಒತ್ತಡ ಚರ್ಮ ತೂರಿ ಒಳಗೆ ಹೋಗುವಷ್ಟಿರುತ್ತದೆ, ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ಅದೇ ಕ್ಷಣ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಸರಿ ಇದ್ದೂ ಚಳಿಗೆ ಸ್ಟಾರ್ಟ್ ಆಗದಿದ್ದರೆ ಹೀಟರ್ ಪ್ಲಗ್ ನೋಡಿ. ಮಹೀಂದ್ರಾದ 2112 ಸಿಸಿ ಪ್ಯೂಜೋ ಇಂಜಿನ್ನಿಗೆ ಹೀಟರ್ ಪ್ಲಗ್ ಬೇಕೇ ಬೇಕು. ಪ್ಲಗ್‌ಗಳ ಮೇಲಿನ ಪಟ್ಟಿ ತೆಗೆದು, ಬ್ಯಾಟರಿ ಪ್ಲಸ್ಸಿನಿಂದ ಟೆಸ್ಟ್ ಬಲ್ಬ್ ಮೂಲಕ ಒಂದೊಂದು ಪ್ಲಗ್ಗಿಗೂ ಮುಟ್ಟಿಸಿ. ಬಲ್ಬ್ ಉರಿಯದಿದ್ದರೆ ಆ ಪ್ಲಗ್ ಸತ್ತಿದೆ. ಈಥರ್ ಸ್ಪ್ರೇ ಹೊಡೆದು ಎಬ್ಬಿಸುವ ಚಟ ಬೇಡ, ಬಿಸಿ ಪ್ಲಗ್ಗಿಗೆ ಈಥರ್ ತಾಗಿದರೆ ಪಿಸ್ಟನ್ ಒಡೆಯುತ್ತದೆ.

5. ಗಾಳಿ, ನೀರು, ಹೊಗೆ

ಹಳೇ ಸೇನೆ ಗಾಡಿಗಳಲ್ಲಿ ಏರ್ ಫಿಲ್ಟರ್ ಕೆಳಗೆ ಎಣ್ಣೆಯ ಬಟ್ಟಲು ಇರುವುದು ಸಾಮಾನ್ಯ. ಯಲ್ಲಾಪುರ, ಜೋಯಿಡಾ ಕಡೆಯ ಕೆಂಪು ಧೂಳಿನಲ್ಲಿ ಓಡಿಸಿದರೆ ಬಟ್ಟಲಿನ ತಳದಲ್ಲಿ ರಾಗಿ ಅಂಬಲಿ ತರಹ ಕೆಸರು ಕೂತಿರುತ್ತದೆ. ಬಳಿದು ತೆಗೆದು ಹೊಸ ಆಯಿಲ್ ಹಾಕಿ, ಗುರುತಿನವರೆಗೆ ಮಾತ್ರ. "ಇರಲಿ ಒಂದು ಬೆರಳು ಜಾಸ್ತಿ" ಅಂತ ಹಾಕಿದರೆ ಇಂಜಿನ್ ಅದನ್ನೇ ಎಳೆದುಕೊಂಡು ಉರಿಸುತ್ತದೆ, ಕೀ ತೆಗೆದರೂ ನಿಲ್ಲದೆ ಅರಚುತ್ತಾ ಏರುತ್ತದೆ. ಹಾಗಾದರೆ ಟಾಪ್ ಗೇರ್ ಹಾಕಿ, ಬ್ರೇಕ್ ಗಟ್ಟಿ ಒತ್ತಿ, ಕ್ಲಚ್ ಬಿಟ್ಟು ಬಂದ್ ಮಾಡಿಸಿ. ಗಾಳಿ ಬಾಯಿಗೆ ಕೈಯಾಗಲಿ ಬಟ್ಟೆಯಾಗಲಿ ಒಡ್ಡಬೇಡಿ, ಮರದ ಹಲಗೆ ಸಿಕ್ಕರೆ ಅದನ್ನು ಒತ್ತಿ.

ರೇಡಿಯೇಟರಿಗೆ ಬಾವಿ ನೀರು ಬೇಡ. ಸಮುದ್ರದ ಹತ್ತಿರದ ಬಾವಿಯದ್ದಂತೂ ಬೇಡವೇ ಬೇಡ. ಕೂಲೆಂಟ್ ಹಾಕಿ. ಬಿಸಿಯಾಗುತ್ತದೆ ಅಂತ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಬಿಡುವ ಕವಾಟ) ಕಿತ್ತೆಸೆಯುವ ಅಭ್ಯಾಸ ಎಲ್ಲ ಕಡೆ ಇದೆ, ಅದರಿಂದ ಕಸ ಕಟ್ಟಿದ ರೇಡಿಯೇಟರ್ ಬಿಡಿಸಿಕೊಳ್ಳುವುದಿಲ್ಲ.

ಹೊಗೆ ಕಪ್ಪಾದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಜಾಸ್ತಿ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದೆ ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಲ್ಲಿಗೆ ಓಡಿಸುವುದನ್ನು ನಿಲ್ಲಿಸಿ.

6. ಬ್ಯಾಟರಿ, ವೈರಿಂಗ್

ನಿಮ್ಮದು 12 ವೋಲ್ಟೋ 24 ವೋಲ್ಟೋ ಮೊದಲು ಅಳೆಯಿರಿ. 24 ಆದರೆ ಎರಡು 12 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. ಇಂಜಿನ್ ನಿಂತು ಕೆಲವು ಗಂಟೆ ಬಿಟ್ಟ ಮೇಲೆ 25.2ರ ಹತ್ತಿರ, ಓಡುವಾಗ 27.5ರಿಂದ 28.5 ಬರಬೇಕು.

ಎಲ್ಲರೂ ಮಾಡುವ ತಪ್ಪು ಯಾವುದು ಗೊತ್ತಾ? ಸ್ಟೀರಿಯೋ, ಮೊಬೈಲ್ ಚಾರ್ಜರ್‌ಗೆ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವುದು. ಆ ಬ್ಯಾಟರಿ ಯಾವಾಗಲೂ ಹಸಿದಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಕುದಿಯುತ್ತದೆ, ವರ್ಷ ತುಂಬುವುದರೊಳಗೆ ಎರಡೂ ಹೋಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ಬ್ಯಾಟರಿ ಬದಲಿಸಿದರೆ ಜೋಡಿಯನ್ನೇ ಬದಲಿಸಿ.

ಸೇನೆಯವರು ಹಿಂದಿನ ಆ್ಯಕ್ಸಲ್ ನಡುವಿನ ಗುಂಡು ಗೇರ್ ಡಬ್ಬ, ಅಂದರೆ ಡಿಫರೆನ್ಶಿಯಲ್‌ಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಸಣ್ಣ ದೀಪ ಬೀಳುವ ಹಾಗೆ ಮಾಡಿರುತ್ತಾರೆ. ರಾತ್ರಿ ಸಾಲಾಗಿ ಹೋಗುವಾಗ ಹಿಂದಿನ ಗಾಡಿಗೆ ಅದೊಂದೇ ಗುರುತು. ಹರಾಜಿಗೆ ಬರುವಷ್ಟರಲ್ಲಿ ದೀಪ ಹೋಗಿ ವೈರ್ ಮಾತ್ರ ಚಾಸಿಗೆ ತಾಗಿಕೊಂಡು ನೇತಾಡುತ್ತಿರುತ್ತದೆ. ರಾತ್ರೋರಾತ್ರಿ ಬ್ಯಾಟರಿ ಇಳಿಯುವುದಕ್ಕೆ ಇಂಥ ಅನಾಥ ವೈರ್‌ಗಳೇ ಕಾರಣ. ಆಮೇಲೆ ಅರ್ತ್ ಜೋಡಣೆಗಳು: ಬ್ಯಾಟರಿಯಿಂದ ಚಾಸಿಗೆ, ಇಂಜಿನ್‌ನಿಂದ ಚಾಸಿಗೆ. ಉಪ್ಪು ಗಾಳಿಯಲ್ಲಿ ಅಲ್ಲಿ ಹಸಿರು ಪುಡಿ ಕೂರುತ್ತದೆ. ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಬಳಿಯಿರಿ. ಸೆಲ್ಫಿನ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

7. ಗೇರ್ ಬಾಕ್ಸ್, ಫೋರ್ ವೀಲ್

ಆಯಿಲ್ ಇಳಿಸುವ ಮೊದಲು ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದೋ ನೋಡಿ. ಮೊದಲು ಇಳಿಸಿ, ಆಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಬಾರದೆ ಖಾಲಿ ಗೇರ್ ಬಾಕ್ಸ್ ಮುಂದೆ ಕೂತವರು ಬಹಳ ಜನ. ಹಿತ್ತಾಳೆ ಸಿಂಕ್ರೋ ರಿಂಗ್ ಇರುವ ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್ ಹಾಕಿ, ಜಿಎಲ್-5 ದರ್ಜೆಯದು ಡಿಫರೆನ್ಶಿಯಲ್‌ಗೆ ಇರಲಿ.

ಹಳ್ಳ ದಾಟಿದ ಮೇಲೆ ಡಿಫರೆನ್ಶಿಯಲ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಹೊಕ್ಕಿದೆ, ಪೂರ್ತಿ ಬದಲಿಸಿ. ಬಿಸಿ ಆ್ಯಕ್ಸಲ್ ತಣ್ಣನೆ ನೀರಿಗೆ ಇಳಿದಾಗ ಬ್ರೀದರ್ (ಆ್ಯಕ್ಸಲ್ ಉಸಿರಾಡುವ ತೂತು) ಮೂಲಕವೇ ನೀರು ಎಳೆದುಕೊಳ್ಳುತ್ತದೆ. ಅದಕ್ಕೆ ಒಂದು ರಬ್ಬರ್ ಪೈಪ್ ಸೇರಿಸಿ ಕ್ಯಾಬಿನ್ ಎತ್ತರಕ್ಕೆ ಒಯ್ಯಿರಿ. ಈ ಗಾಡಿಗೆ ನೀವು ಮಾಡಬಹುದಾದ ಅತಿ ಅಗ್ಗದ, ಅತಿ ಒಳ್ಳೆ ಮಾರ್ಪಾಡು ಇದೇ.

ಒಣ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಬೇಡಿ, ಗೇರ್‌ಗಳು ಬಿಗಿದುಕೊಂಡು ಕ್ರಾಸ್ (ಚಕ್ರಕ್ಕೆ ಎಳೆತ ಒಯ್ಯುವ ಶಾಫ್ಟಿನ ತುದಿಯ ಜೋಡಣೆ) ಮುರಿಯುತ್ತದೆ. ಆದರೆ ತಿಂಗಳಿಗೊಮ್ಮೆ ಕೆಸರಿನಲ್ಲೋ ಮರಳಿನಲ್ಲೋ ಹಾಕಿ ಸ್ವಲ್ಪ ಓಡಿಸಿ, ಇಲ್ಲದಿದ್ದರೆ ಲಿವರ್ ಹಿಡಿದುಕೊಳ್ಳುತ್ತದೆ.

8. ಈಗ ಮಾರ್ಪಾಡು

ಹೌದು, ಈಗ ಟಯರ್ ಅಂಗಡಿಗೆ ಹೋಗಬಹುದು. ಆದರೂ ಒಂದು ಲೆಕ್ಕ ತಿಳಿದುಕೊಳ್ಳಿ. ಟಯರ್ ಸುತ್ತಳತೆ ನೂರಕ್ಕೆ 10 ಹೆಚ್ಚಾದರೆ, ಮೀಟರ್ 50 ತೋರಿಸುವಾಗ ನೀವು 55ರಲ್ಲಿ ಹೋಗುತ್ತಿರುತ್ತೀರಿ. ಘಟ್ಟದಲ್ಲಿ ಒಂದು ಗೇರ್ ಕೆಳಗೆ ಹಾಕಬೇಕಾಗುತ್ತದೆ, ಬ್ರೇಕಿಗೂ ಅಷ್ಟೇ ಹೊರೆ. ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆ ಕಚ್ಚಿನ ಟಯರ್ ಹಾಕಿ ಅಂತ ನನ್ನ ಮಾತು. ಗಾಡಿ ಎತ್ತರಿಸಲು ಶಾಕಲ್ (ಕಮಾನು ಪಟ್ಟಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಉದ್ದ ಮಾಡಿಸುವವರಿದ್ದಾರೆ, ಹಾಗೆ ಮಾಡಿದ ಗಾಡಿ ವೇಗದಲ್ಲಿ ಸ್ಟೇರಿಂಗ್ ಅಲ್ಲಾಡಿಸುತ್ತದೆ. ಬಗ್ಗಿಹೋದ ಪಟ್ಟಿಗಳನ್ನು ಸರಿ ಬಾಗು ಕೊಡಿಸಿ, ಬುಷ್ ಬದಲಿಸಿದರೆ ಎಷ್ಟೋ ಎತ್ತರ ತಾನೇ ವಾಪಸ್ ಬರುತ್ತದೆ.

ಹಿಂದಿನ ತೊಟ್ಟಿಲನ್ನು (ಸಾಮಾನು ಹೊರುವ ಭಾಗ) ಮೀನಿಗೆ ಬಳಸುವವರು ಇದನ್ನು ಮೊದಲು ಮಾಡಿ. ಮಂಜುಗಡ್ಡೆ ಕರಗಿದ ಮೀನಿನ ನೀರು ಸಮುದ್ರದ ನೀರಿನಷ್ಟೇ ಕೆಟ್ಟದು, ಅದೂ ದಿನವಿಡೀ ಚಾಸಿ ಮೇಲೆ ತೊಟ್ಟಿಕ್ಕುತ್ತದೆ. ತೊಟ್ಟಿಲಿಗೆ ಹಿಂದಕ್ಕೆ ಸ್ವಲ್ಪ ಇಳಿಜಾರು ಕೊಟ್ಟು, ಮೂಲೆಯಲ್ಲಿ ಪೈಪ್ ಹಾಕಿ, ನೀರನ್ನು ಚಾಸಿಗೆ ತಾಗದ ಹಾಗೆ ಒಂದು ಕ್ಯಾನಿಗೆ ಇಳಿಸಿ. ಶಿರಸಿ ಕಡೆ ಅಡಿಕೆ ಮೂಟೆ ಹೊರುವವರಿಗೆ ಈ ತಾಪತ್ರಯ ಇಲ್ಲ, ತಗಡಿನ ಬದಲು ಮತ್ತಿ ಹಲಗೆ ಹಾಸಿದರೆ ಚೆನ್ನಾಗಿ ಬಾಳುತ್ತದೆ. ಹಲಗೆಗೆ ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆ ಎಣ್ಣೆ ಎರಡು ಕೈ ಬಳಿಯಿರಿ. ಕೈಗವಸು ಮರೆಯಬೇಡಿ, ಚರ್ಮ ಸುಡುತ್ತದೆ.

ಬಣ್ಣ ಕೊನೆಗೆ. ಆ ಸೇನೆ ಹಸಿರು ಬೇಡವೇ ಬೇಡ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಅದರಲ್ಲೂ ಕಾರವಾರದಲ್ಲಿ, ನೌಕಾನೆಲೆ ಪಕ್ಕದಲ್ಲೇ ಇರುವಾಗ, ಆ ಬಣ್ಣದಲ್ಲಿ ಓಡಾಡಿದರೆ ಯಾರಾದರೂ ನಿಲ್ಲಿಸಿ ಕೇಳದೇ ಇರುತ್ತಾರಾ? ಮುಂದಿನ ದಪ್ಪ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಬಗ್ಗೆಯೂ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಕ್ರಮ ತೆಗೆದುಕೊಳ್ಳಲು ರಾಜ್ಯಗಳಿಗೆ ಬರೆದಿದೆ. ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ತಾಳೆಯಾಗದಂಥ ಬದಲಾವಣೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಬರುತ್ತದೆ. ಇಂಜಿನ್ ಬದಲಿಸುವುದಿದ್ದರೆ ಮೊದಲು ಆರ್‌ಟಿಒ ಅನುಮತಿ ಪಡೆದು, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

9. ವಾರದ ಕೆಲಸ

ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಸಾಕು. ಇಂಜಿನ್ ತಣ್ಣಗಿರುವಾಗ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮಟ್ಟ ನೋಡಿ. ಡೀಸೆಲ್ ಫಿಲ್ಟರ್ ಕೆಳಗಿನ ಸ್ಕ್ರೂ ಬಿಚ್ಚಿ ನೀರು ಇಳಿಸಿ. ಸಮುದ್ರ ದಂಡೆಗೆ ಹೋಗಿದ್ದರೆ ಅವತ್ತೇ ಕೆಳಗಡೆ ಸಿಹಿನೀರು ಹೊಡೆಯಿರಿ, ಭಾನುವಾರದವರೆಗೆ ಕಾಯಬೇಡಿ. ಕ್ರಾಸ್, ಶಾಕಲ್, ಕಿಂಗ್‌ಪಿನ್ (ಮುಂದಿನ ಚಕ್ರ ತಿರುಗುವ ಗೂಟ) ಗ್ರೀಸ್ ನಿಪ್ಪಲ್‌ಗಳಿಗೆ ಹಳೇ ಗ್ರೀಸ್ ಹೊರಗೆ ಬಂದು ಹೊಸದರ ಬಣ್ಣ ಕಾಣುವವರೆಗೆ ಹೊಡೆಯಿರಿ. ಟ್ಯಾಂಕಿನ ಉಸಿರಿನ ಪೈಪಿನ ಬಾಯಿಗೆ ಸಣ್ಣ ಜಾಲರಿ ಕಟ್ಟಿ. ನಾನು ಹಳೇ ಚಹಾ ಸೋಸುವ ಜಾಲರಿ ತುಂಡು ಕಟ್ಟಿದ್ದೇನೆ, ಕುಂಬಾರ ಹುಳ ಈಗ ಸೀಟಿನ ಕೆಳಗೆ ಜಾಗ ನೋಡುತ್ತಿದೆ.